ಉಗಾಂಡದಲ್ಲಿ ನನ್ನ ಮೊದಲ ವಾರ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಆಫ್ರಿಕಾದಲ್ಲಿ ಸೇವೆ' ಎಂದು ಅಚ್ಚು ಹಾಕಿಸಿದ್ದಾರೆ. ಓದಿ ಸ್ವಲ್ಪ ಮುಜುಗರವಾಯಿತು. ನಾನು ಅಲ್ಲಿದ್ದದ್ದು ಮೂರು ತಿಂಗಳು. ಅದರಲ್ಲಿ ಮೊದಲ ವಾರ ನಾನು ಯಾವ ಸೇವೆಯನ್ನೂ ಮಾಡಲಿಲ್ಲ, ಅವರೇ ನನ್ನ ಸೇವೆ ಮಾಡಿದರು. ಇವತ್ತು ಆ ಒಂದು ವಾರದ ಮಾತು ಮಾತ್ರ ಹೇಳುತ್ತೇನೆ. ಉಳಿದದ್ದು ಯಾವ ನರ್ಸಮ್ಮನಾದರೂ ಮಾಡುವ ಕೆಲಸ, ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ನಾನು ಈ ಶಾಲೆಯ ಮೊದಲ ತಂಡದವಳು. 1974ರಲ್ಲಿ ಎಂಟನೇ ತರಗತಿಗೆ ಸೇರಿದಾಗ ಈ ಕಟ್ಟಡ ಇರಲಿಲ್ಲ, ಛತ್ರದ ಜಗುಲಿಯ ಮೇಲೆ ಪಾಠ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸು ಹಾರನ್ ಹೊಡೆದರೆ ಮೇಷ್ಟ್ರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಹುಟ್ಟಿದ್ದು ನರಸೀಪುರ ತಾಲ್ಲೂಕಿನಲ್ಲಿ, ಕೊಟ್ಟಿದ್ದು ನಂಜನಗೂಡು ತಾಲ್ಲೂಕಿಗೆ. 36 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು 2021ರಲ್ಲಿ ನಿವೃತ್ತಿಯಾದೆ. ಯಜಮಾನರು ಹೋಗಿ ಆಗಲೇ ಆರು ವರ್ಷವಾಗಿತ್ತು. ಮನೆಯಲ್ಲಿ ಕೂತು ಕೂತು ಸಾಕಾಗಿದ್ದಾಗ ಬೆಂಗಳೂರಿನ ಒಬ್ಬ ಪರಿಚಯದ ಡಾಕ್ಟರಮ್ಮ, "ಉಗಾಂಡದಲ್ಲಿ ಒಂದು ಮಿಷನ್ ಆರೋಗ್ಯ ಕೇಂದ್ರಕ್ಕೆ ಹೆರಿಗೆ ಮಾಡಿಸಿ ಅನುಭವ ಇರುವ ನರ್ಸ್ ಬೇಕಂತೆ, ಸಂಬಳ ಇಲ್ಲ, ಊಟ ವಸತಿ ಅವರದು, ಹೋಗ್ತೀರಾ ಸಿಸ್ಟರ್?" ಎಂದು ಕೇಳಿದರು. ಹ್ಞೂಂ ಅಂದುಬಿಟ್ಟೆ. ಆಮೇಲೆ ಮನೆಗೆ ಬಂದು ಭೂಪಟದಲ್ಲಿ ಉಗಾಂಡ ಹುಡುಕಿದೆ.

ಮಗನಿಗೆ ಸಿಟ್ಟು. "ಅಮ್ಮ, ಅರವತ್ತೆರಡು ವರ್ಷಕ್ಕೆ ಇದೆಲ್ಲ ಬೇಕಿತ್ತಾ? ಅಲ್ಲಿ ಎಬೋಲಾ ಅಂತೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. 2022ರ ಸೆಪ್ಟೆಂಬರ್ 20ರಂದು ಅಲ್ಲಿ ಎಬೋಲಾ ಕಾಣಿಸಿಕೊಂಡಿದೆ ಎಂದು ಸರ್ಕಾರ ಘೋಷಿಸಿತ್ತು. ಖಚಿತವಾದ 142 ರೋಗಿಗಳಲ್ಲಿ 55 ಜನ ತೀರಿಕೊಂಡರು. ಸೋಂಕು ತಗುಲಿದವರಲ್ಲಿ 19 ಮಂದಿ ಆಸ್ಪತ್ರೆಯವರೇ, ಅವರಲ್ಲಿ ಏಳು ಜನ ಉಳಿಯಲಿಲ್ಲ. 2023ರ ಜನವರಿ 11ಕ್ಕೆ ರೋಗ ಮುಗಿಯಿತು ಎಂದು ಸಾರಿದರು. ನಾನು ಹೊರಟದ್ದು ಅದೇ ವರ್ಷ ಮೇ ತಿಂಗಳಲ್ಲಿ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಆ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡೆ, ಅದಿಲ್ಲದೆ ಒಳಗೆ ಬಿಡುವುದಿಲ್ಲ.

ಇನ್ನು ಸಾಮಾನು. ಸುದ್ದಿ ತಿಳಿದವರೆಲ್ಲ ಏನಾದರೂ ತಂದುಕೊಟ್ಟರು. ಸಕ್ಕರೆ ಕಾಯಿಲೆ ನೋಡುವ ಯಂತ್ರ ಐದು, ಮಕ್ಕಳ ಉಲ್ಲನ್ ಟೋಪಿ, ಆಟದ ಸಾಮಾನು. ನನ್ನ ನಾದಿನಿ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿ ಗಂಟು ಕಟ್ಟಿ ಕೊಟ್ಟಳು. "ಇದನ್ನೆಲ್ಲ ಹೊತ್ಕೊಂಡು ಹೋಗೋಕಾಗುತ್ತೇನೆ?" ಎಂದು ಅವಳ ಮೇಲೆ ರೇಗಿದೆ. ಮನಸ್ಸಿನಲ್ಲಿ ಬೇರೆ ಅಳುಕೂ ಇತ್ತು. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆಲ್ಲ ನೀರು ನುಗ್ಗಿದಾಗ ನಾನು ಪರಿಹಾರ ಕೇಂದ್ರದಲ್ಲಿ ಡ್ಯೂಟಿಯಲ್ಲಿದ್ದೆ. ಎಲ್ಲೆಲ್ಲಿಂದಲೋ ಲಾರಿ ಬಂದವು. ಬ್ರೆಡ್ಡು, ಬಿಸ್ಕತ್ತು, ಹಳೇ ಬಟ್ಟೆ. ಒಬ್ಬ ಅಜ್ಜಿ ಬ್ರೆಡ್ಡನ್ನು ಕೈಯಲ್ಲಿ ಹಿಡಿದು, "ಇದ ತಿಂದ್ಕಂಡು ಎಷ್ಟ್ ದಿನ ಇರದವ್ವ, ಒಂದ್ ಮುದ್ದೆ ಹಿಟ್ಟು ಹಾಕ್ಸಿ" ಎಂದಿದ್ದಳು. ಕೊಟ್ಟವರು ಅದರ ಫೋಟೋ ತೆಗೆಸಿಕೊಂಡು ಹೋಗಿಯಾಗಿತ್ತು. ಈಗ ನಾನೇ ಲಾರಿಯಲ್ಲಿ ಬಂದವಳಾಗುತ್ತೇನೋ ಏನೋ ಅನ್ನಿಸುತ್ತಿತ್ತು.

ಎಂಟೆಬೆಯಲ್ಲಿ ವಿಮಾನ ಇಳಿಯುವಾಗ ಕೆಳಗೆ ಸಮುದ್ರ ಅಂದುಕೊಂಡೆ, ಅದು ವಿಕ್ಟೋರಿಯಾ ಸರೋವರ. ಒಂದು ರಾತ್ರಿ ಕಂಪಾಲದಲ್ಲಿದ್ದು ಮಾರನೆಯ ದಿನ ಪಶ್ಚಿಮಕ್ಕೆ ಫೋರ್ಟ್ ಪೋರ್ಟಲ್ ಎಂಬ ಊರಿಗೆ ಬಸ್ಸು. ಸುಮಾರು 300 ಕಿಲೋಮೀಟರ್. ದಾರಿಯಲ್ಲಿ ಮುಬೆಂಡೆ ಎಂದು ಬೋರ್ಡು ಕಂಡಿತು. ಎಬೋಲಾ ಶುರುವಾದ ಜಿಲ್ಲೆ ಅದೇ. ಬಸ್ಸು ನಿಂತಾಗ ಹುಡುಗರು ಕಿಟಕಿಗೆ ಬಂದು ಸುಟ್ಟ ಮಾಂಸದ ಕಡ್ಡಿ, ಬಾಳೆಹಣ್ಣು, ನೀರು ಮಾರುತ್ತಿದ್ದರು. ನಾನು ಕಿಟಕಿ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನೋಡಿ ಏನೂ ಅನ್ನದೆ ತಾನು ಕೊಂಡ ಬಾಳೆಹಣ್ಣಿನಲ್ಲಿ ಎರಡು ಮುರಿದು ನನ್ನ ಮಡಿಲಿಗೆ ಇಟ್ಟಳು. ನಮ್ಮ ಏಲಕ್ಕಿ ಬಾಳೆಯಷ್ಟೇ ಚಿಕ್ಕದು, ಅಷ್ಟೇ ಸಿಹಿ. ನಾಚಿಕೆಯಾಯಿತು.

ಕೆಂಪು ಮಣ್ಣು, ಬಾಳೆ ತೋಟ, ಮೇಲೆ ಮೇಲೆ ಹೋದಂತೆ ಟೀ ತೋಟ. ಬಾಳೆ ಎಂದರೆ ನಮ್ಮ ಹಾಗಲ್ಲ, ಮನೆ ಮನೆಯ ಸುತ್ತ ಬಾಳೆಯೇ. ಕಾಯಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸಿ ಮಸೆದು ಊಟಕ್ಕೆ ಇಡುತ್ತಾರೆ, ಮಟೋಕೆ ಎನ್ನುತ್ತಾರೆ, ಅವರಿಗೆ ಅದೇ ಅನ್ನ. ನಮ್ಮ ಮಾವನವರು ರಸಬಾಳೆ ಬೆಳೆಯುತ್ತಿದ್ದವರು. ಸೊರಗು ರೋಗ ಬಂದು ತೋಟಕ್ಕೆ ತೋಟವೇ ಒಣಗಿದ್ದನ್ನು ನೋಡಿದವಳು ನಾನು. ಅವರಿಗೂ 2001ರಿಂದ ಬಾಳೆಗೆ ಬೇರೊಂದು ಸೊರಗು ರೋಗದ ಕಾಟ. ನಮ್ಮಲ್ಲಿ ರಸಬಾಳೆ ಹೋದರೆ ಕಬ್ಬೋ ಬೇರೆ ಬಾಳೆಯೋ ಹಾಕಿಕೊಂಡೆವು. ಅವರಲ್ಲಿ ಬಾಳೆ ಹೋದರೆ ತಟ್ಟೆಯೇ ಖಾಲಿ.

ಆರೋಗ್ಯ ಕೇಂದ್ರ ಫೋರ್ಟ್ ಪೋರ್ಟಲ್‌ನಿಂದಲೂ ಆಚೆ, ಮಣ್ಣಿನ ರಸ್ತೆಯಲ್ಲಿ ಒಂದು ಗಂಟೆಯ ದಾರಿ. ಮೋಡ ಸರಿದರೆ ರ್ವೆಂಜೋರಿ ಬೆಟ್ಟ ಕಾಣಿಸುತ್ತದೆ. ಭೂಮಧ್ಯ ರೇಖೆಯ ಹತ್ತಿರದ ಊರು, ಆದರೂ ಆ ಬೆಟ್ಟದ ತುದಿಯಲ್ಲಿ ಮಂಜುಗಡ್ಡೆ. ರಾತ್ರಿ ನಮ್ಮ ಕಡೆಯ ಪುಷ್ಯ ಮಾಸದ ಚಳಿ. ಕೇಂದ್ರದಲ್ಲಿ ಹೆರಿಗೆ ಕೋಣೆ, ಚಿಕ್ಕ ಪ್ರಯೋಗಾಲಯ, ಹನ್ನೆರಡು ಹಾಸಿಗೆ. ಡಾಕ್ಟರು ಇರಲಿಲ್ಲ. ನಡೆಸುತ್ತಿದ್ದವರು ಒಬ್ಬ ಹಿರಿಯ ನರ್ಸ್, ನನಗಿಂತ ಹತ್ತು ವರ್ಷ ಚಿಕ್ಕವರು. ಅವರನ್ನು ಎಲ್ಲರೂ ಅಕೀಕಿ ಎಂದು ಕರೆಯುತ್ತಿದ್ದರು. ನಾನು ಅದೇ ಅವರ ಹೆಸರು ಅಂದುಕೊಂಡೆ. ಆದರೆ ಅಡುಗೆಯವಳೂ ಅಕೀಕಿ, ಕಾವಲುಗಾರನೂ ಅಕೀಕಿ! ಅದರ ಗುಟ್ಟು ಆಮೇಲೆ ಹೇಳುತ್ತೇನೆ.

ಮೊದಲ ದಿನ ಸಾಮಾನಿನ ಗಂಟು ಬಿಚ್ಚಿದೆವು. ಸಕ್ಕರೆ ನೋಡುವ ಯಂತ್ರಕ್ಕೆ ಹಾಕುವ ಪಟ್ಟಿ ಆ ದೇಶದಲ್ಲಿ ಸಿಗುವಂಥದ್ದಲ್ಲ. ನಾನು ತಂದಿದ್ದ ಎರಡು ಡಬ್ಬಿ ಮುಗಿದರೆ ಐದೂ ಯಂತ್ರ ಬೀರುವಿನಲ್ಲಿ. ಅಕೀಕಿ ಅದನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಬೀರು ತೆಗೆದರು. ಒಳಗೆ ಅಂಥದ್ದೇ ಬೇರೆ ಬೇರೆ ದೇಶದ ಯಂತ್ರಗಳು ಆಗಲೇ ಸಾಲಾಗಿ ಕೂತಿದ್ದವು. ನಾದಿನಿಯ ಸೀರೆ ಗಂಟು ಬಿಚ್ಚಿದಾಗ ಮಾತ್ರ ಅವರ ಮುಖ ಅರಳಿತು. ಒಂದು ಸೀರೆಯನ್ನು ಹರಿದರೆ ಎಂಟು ಬಾಣಂತಿಯರ ಕೂಸು ಸುತ್ತಲು ಬಟ್ಟೆ. ಮೆತ್ತಗೆ, ಬೇಗ ಒಣಗುತ್ತದೆ. ಟೋಪಿಗಳೂ ಆ ಚಳಿಗೆ ಒಂದೇ ವಾರದಲ್ಲಿ ಖಾಲಿ. ಆ ರಾತ್ರಿಯೇ ನಾದಿನಿಗೆ ಫೋನ್ ಮಾಡಿ, "ನೀನೇ ಗೆದ್ದೆ ಕಣೆ" ಎಂದೆ.

ಆ ದಿನ ರಾತ್ರಿಯ ಊಟದ ಮಾತು ಹೇಳಲೇಬೇಕು. ಅಡುಗೆಯವಳು ಪಾತ್ರೆಯಲ್ಲಿ ನೀರು ಕುದಿಸಿ ಕಂದು ಹಿಟ್ಟು ಸುರಿದು ಮರದ ಸೌಟಿನಲ್ಲಿ ಕಾಲೂರಿ ತೊಳಸುತ್ತಿದ್ದಳು. ವಾಸನೆ ಬಂದ ಕೂಡಲೇ ಎದ್ದು ಒಳಗೆ ಹೋದೆ. ರಾಗಿ! ಅವರು ಕಾರೋ ಎನ್ನುತ್ತಾರೆ. ಕೆಲವೊಮ್ಮೆ ಮರಗೆಣಸಿನ ಹಿಟ್ಟು ಬೆರೆಸುತ್ತಾರೆ, ಪುಟ್ಟ ಬುಟ್ಟಿಯಲ್ಲಿ ಮುಚ್ಚಿ ತಂದಿಡುತ್ತಾರೆ. ನಾನು ಮುರಿದು ಸಾರಿನಲ್ಲಿ ಅದ್ದಿ ನುಂಗಿದ್ದನ್ನು ಕಂಡು ಎಲ್ಲರೂ ಊಟ ಬಿಟ್ಟು ನನ್ನನ್ನೇ ನೋಡಿದರು. "ನಿಮಗೆ ಇದನ್ನು ಯಾರು ಕಲಿಸಿದರು?" ಎಂದು ಅಕೀಕಿ ಕೇಳಿದರು. ಇದು ನಮ್ಮೂರಿನ ಊಟ ಎಂದೆ. ಅವರು ನಂಬಲಿಲ್ಲ. ಮಕ್ಕಳೇ, ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿ: ರಾಗಿಯನ್ನು ಮೊದಲು ಬೆಳೆದದ್ದು ಇಥಿಯೋಪಿಯಾದಿಂದ ಉಗಾಂಡದವರೆಗಿನ ಆ ಎತ್ತರದ ಸೀಮೆಯಲ್ಲೇ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ನಾನು ನಮ್ಮೂರಿನ ಊಟ ಎಂದು ಜಂಬ ಕೊಚ್ಚಿಕೊಂಡದ್ದು ಅವರ ಮನೆಯ ಪದಾರ್ಥವನ್ನೇ.

ಎರಡನೆಯ ದಿನ ನನ್ನ ಮೊದಲ ತಪ್ಪು. ಪಕ್ಕದ ಹಳ್ಳಿಯಲ್ಲಿ ಮಕ್ಕಳಿಗೆ ಲಸಿಕೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಲ್ಲೂ ಹಳ್ಳಿ ಹಳ್ಳಿಗೆ ಆರೋಗ್ಯ ಸ್ವಯಂಸೇವಕರಿದ್ದಾರೆ. ಅಂಥ ಒಬ್ಬ ಹಿರಿಯರು ಬಂದು, ಎರಡನೇ ಗಂಟೆಗೆ ಸಿದ್ಧವಾಗಿರಿ ಎಂದು ಹುಡುಗನ ಬಾಯಲ್ಲಿ ಹೇಳಿಸಿದರು. ಮಧ್ಯಾಹ್ನ ಎರಡಕ್ಕೆ ತಾನೇ ಎಂದು ನಿಧಾನವಾಗಿ ಸ್ನಾನ ಮಾಡಿ ಬಟ್ಟೆ ಒಗೆದು ಬಂದರೆ, ಎಲ್ಲರೂ ಹೋಗಿ ಮುಗಿಸಿ ಬಂದಿದ್ದಾರೆ. ಅವರ ಭಾಷೆಯಲ್ಲಿ ಗಂಟೆ ಶುರುವಾಗುವುದು ಹೊತ್ತು ಹುಟ್ಟಿದ ಮೇಲೆ. ನಮ್ಮ ಬೆಳಗ್ಗೆ ಏಳು ಅವರಿಗೆ ಒಂದು, ಎಂಟು ಅವರಿಗೆ ಎರಡು. ವರ್ಷವಿಡೀ ಹಗಲು ಹನ್ನೆರಡು ಗಂಟೆ ಇರುವ ಸೀಮೆಗೆ ಅದೇ ಸರಿ. ನಮ್ಮಜ್ಜಿಯೂ ಹಾಗೇ ಅಲ್ಲವೇ, ಹೊತ್ತು ಹುಟ್ಟಿ ಮೂರು ಗಳಿಗೆ, ನಾಲ್ಕು ಗಳಿಗೆ ಎನ್ನುತ್ತಿದ್ದದ್ದು? ಅಜ್ಜಿಯ ಲೆಕ್ಕ ಮರೆತಿದ್ದಕ್ಕೆ ಇಪ್ಪತ್ತು ಮಕ್ಕಳ ತೂಕ ನೋಡುವುದು ಉಳಿದುಹೋಯಿತು. ಅಕೀಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಹೊರರೋಗಿಗಳ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕರು ನನ್ನನ್ನು ಬಹಳ ಹೊತ್ತು ನೋಡಿ, "ವಾಪಸ್ ಬಂದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಅರ್ಥವಾಗಲಿಲ್ಲ. 1972ರಲ್ಲಿ ಇದಿ ಅಮೀನ್ 90 ದಿನದೊಳಗೆ ದೇಶ ಬಿಡಿ ಎಂದು ಅಲ್ಲಿದ್ದ ಭಾರತ ಮೂಲದವರನ್ನು ಓಡಿಸಿದ್ದ. ಅವರು ಚಿಕ್ಕವರಿದ್ದಾಗ ಒಬ್ಬ ಗುಜರಾತಿ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ನಾನು ಆ ಮನೆಯ ಹೆಣ್ಣುಮಗಳೇ ಇರಬೇಕು ಅಂದುಕೊಂಡಿದ್ದರು. ಅಲ್ಲ ಎಂದಾಗ ಅವರಿಗೆ ಆದ ನಿರಾಸೆ ನೋಡಲಾಗಲಿಲ್ಲ.

ಇಷ್ಟರವರೆಗೆ ನಗುವ ಮಾತು. ಇನ್ನು ಮುಂದಿನದು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಮಕ್ಕಳು ಕೂತಿದ್ದಾರೆ. ಆದರೆ ಅದನ್ನು ಬಿಟ್ಟರೆ ನಾನು ಅಲ್ಲಿಗೆ ಹೋಗಿದ್ದೆ ಎಂದು ಹೇಳುವುದಕ್ಕೇ ಅರ್ಥವಿಲ್ಲ.

ನಾಲ್ಕನೆಯ ದಿನ ಸಂಜೆ, ಜೋರು ಮಳೆ. ಒಬ್ಬ ತಾಯಿ ಬಾಡಿಗೆ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಮೂರು ವರ್ಷದ ಗಂಡು ಕೂಸು. ಎರಡು ದಿನದ ಜ್ವರ, ಒಮ್ಮೆ ಸೆಳೆತ ಬಂದಿತ್ತು. ಅಂಗೈ ಸುಣ್ಣದ ಹಾಗೆ ಬೆಳ್ಳಗೆ. ರಕ್ತ ನೋಡಿದರೆ ಮಲೇರಿಯಾ, ಹಿಮೋಗ್ಲೋಬಿನ್ ನಾಲ್ಕಕ್ಕಿಂತ ಕಡಿಮೆ. ನಮ್ಮ ಕಡೆ ನಾನು ಕಂಡಿದ್ದ ಮಲೇರಿಯಾ ಹೆಚ್ಚಾಗಿ ವೈವಾಕ್ಸ್, ಸುಸ್ತು ಮಾಡುತ್ತದೆ, ಗುಣವಾಗುತ್ತದೆ. ಅಲ್ಲಿಯದು ಫಾಲ್ಸಿಪಾರಂ, ಚಿಕ್ಕ ಮಕ್ಕಳ ರಕ್ತವನ್ನೇ ತಿಂದುಬಿಡುತ್ತದೆ. ಆ ಕೂಸಿಗೆ ಬೇಕಾಗಿದ್ದದ್ದು ರಕ್ತ. ಅಂಥ ಚಿಕ್ಕ ಕೇಂದ್ರದಲ್ಲಿ ರಕ್ತ ಕೊಡುವ ವ್ಯವಸ್ಥೆ ಇರುವುದಿಲ್ಲ, ಫೋರ್ಟ್ ಪೋರ್ಟಲ್‌ಗೇ ಹೋಗಬೇಕು. ಇದ್ದ ಒಂದು ಗಾಡಿ ಹೆರಿಗೆ ಕಷ್ಟವಾದವಳನ್ನು ಕರೆದುಕೊಂಡು ಆಗಲೇ ಅಲ್ಲಿಗೆ ಹೋಗಿತ್ತು.

ಅಕೀಕಿ ಆರ್ಟಿಸುನೇಟ್ ಇಂಜೆಕ್ಷನ್ ಸಿದ್ಧ ಮಾಡುತ್ತಿದ್ದರು. ಸೂಜಿ ನಾನು ಹಾಕುತ್ತೇನೆ ಎಂದು ಮುಂದೆ ಹೋದೆ. 36 ವರ್ಷದ ಕೈ ಇದು. ಎಷ್ಟು ಸಾವಿರ ಮಕ್ಕಳಿಗೆ ಹಾಕಿದ್ದೇನೋ. ಎಡಗೈಯಲ್ಲಿ ಒಮ್ಮೆ, ನರ ಸಿಗಲಿಲ್ಲ. ಬಲಗೈಯಲ್ಲಿ ಒಮ್ಮೆ, ಸಿಗಲಿಲ್ಲ. ದೀಪ ಮಂದ, ರಕ್ತವಿಲ್ಲದ ನರ ಒಳಗೆ ಹೂತುಹೋಗಿತ್ತು. ಮೂರನೆಯ ಸಲ ಚುಚ್ಚಲು ಹೊರಟೆ. ಅಕೀಕಿ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದರು. ಏನೂ ಹೇಳಲಿಲ್ಲ. ತಲೆಯ ಪಕ್ಕದ ಕೂದಲು ಸವರಿ, ಬೆರಳಲ್ಲಿ ಹುಡುಕಿ, ಒಂದೇ ಸಲಕ್ಕೆ ಹಾಕಿದರು. ಅಂಥ ನೂರಾರು ಕೂಸುಗಳನ್ನು ಅವರು ಕಂಡಿದ್ದರು. ನಾನು ಅಂಥದ್ದನ್ನು ಕಂಡದ್ದು ಅದೇ ಮೊದಲು. ನಾನು ಕಳೆದದ್ದು ಐದೋ ಆರೋ ನಿಮಿಷ. ಆ ನಿಮಿಷಗಳನ್ನು ಎಷ್ಟು ಸಲ ಎಣಿಸಿದ್ದೇನೆ ಎಂದು ನಿಮಗೆ ಹೇಳಲಾರೆ.

ಗಾಡಿ ಬರುವ ಹೊತ್ತಿಗೆ ಬೆಳಗಾಗುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ಕೂಸು ತಾಯಿಯ ತೊಡೆಯ ಮೇಲೆ ಹೋಯಿತು. ಆಮೇಲೆ ಅಕೀಕಿ ನನಗೆ ಹೇಳಿದರು, ಇಂಜೆಕ್ಷನ್ ಹತ್ತು ನಿಮಿಷ ಮೊದಲು ಹೋಗಿದ್ದರೂ ರಕ್ತವಿಲ್ಲದೆ ಉಳಿಯುತ್ತಿರಲಿಲ್ಲ ಎಂದು. ನಿಜವಿರಬಹುದು. ಸಮಾಧಾನಕ್ಕೆ ಹೇಳಿದ್ದೂ ಇರಬಹುದು. ನಾನೂ ಎಷ್ಟೋ ಹೊಸ ಹುಡುಗಿಯರಿಗೆ ಹಾಗೆ ಹೇಳಿದ್ದೇನೆ.

ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದು ಬಟ್ಟೆ ಮಡಿಸತೊಡಗಿದೆ. ವಾಪಸ್ ಹೋಗುತ್ತೇನೆ ಎಂದು ಮಗನಿಗೆ ಹೇಳುವುದು ಹೇಗೆ ಎಂಬುದೊಂದೇ ಯೋಚನೆ. ಅಕೀಕಿ ಬಾಗಿಲಲ್ಲಿ ನಿಂತು ಪೆಟ್ಟಿಗೆಯನ್ನು ನೋಡಿದರು. "ಸೊಂಟಕ್ಕೆ ಸುತ್ತಿಕೊಳ್ಳಲು ಒಂದು ಬಟ್ಟೆ ತೆಗೆದುಕೊಳ್ಳಿ, ಮಣ್ಣಿಗೆ ಹೋಗಬೇಕು" ಎಂದರು. ನಾನು ಬರಲಾರೆ, ಆ ತಾಯಿಯ ಮುಖ ಹೇಗೆ ನೋಡಲಿ ಎಂದೆ. "ನಿಮ್ಮೂರಿನಲ್ಲಿ ಹೋಗುವುದಿಲ್ಲವಾ?" ಎಂದು ಕೇಳಿದರು. ಅದಕ್ಕೆ ಉತ್ತರವಿರಲಿಲ್ಲ. ಮದುವೆಗೆ ಹೋಗದಿದ್ದರೂ ಸಾವಿಗೆ ಹೋಗಬೇಕು ಎಂದು ಬೆಳೆದವಳು ನಾನು.

ಅವರು ಸತ್ತವರನ್ನು ಮನೆಯ ಹಿಂದಿನ ತೋಟದಲ್ಲೇ ಮಣ್ಣು ಮಾಡುತ್ತಾರೆ. ಬಾಳೆಯ ನಡುವೆ ಗಂಡಸರು ಅಗೆಯುತ್ತಿದ್ದರು, ಗುಂಡಿ ತೀರಾ ಚಿಕ್ಕದು. ಬಾಗಿಲಲ್ಲಿ ಕೈ ತೊಳೆಯಲು ನೀರು, ಸೋಪು. ಎಬೋಲಾ ಹೋದರೂ ಆ ಅಭ್ಯಾಸ ಉಳಿದಿತ್ತು. ಬಂದವರು ಹಿಟ್ಟು, ಬಾಳೆಗೊನೆ, ಕೈಲಾದಷ್ಟು ದುಡ್ಡು ಕೊಟ್ಟು ಕೂರುತ್ತಿದ್ದರು. ಹೆಂಗಸರು ಒಣ ಬಾಳೆಲೆಯ ಮೇಲೆ ಕೂತಿದ್ದರು. ನಾನೂ ಅವರ ನಡುವೆ ಕೂತೆ. ಯಾರೂ ನನ್ನನ್ನು ದೂರಲಿಲ್ಲ, ಯಾರೂ ವಿಶೇಷವಾಗಿ ಮಾತಾಡಿಸಲೂ ಇಲ್ಲ. ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ದೆ. ಆ ವಾರ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಏಳುವ ಹೊತ್ತಿಗೆ ಕೂಸಿನ ಅಜ್ಜಿ ಬಂದು ಅಕೀಕಿಯನ್ನು ಏನೋ ಕೇಳಿದರು. "ಇವರ ಎಂಪಾಕೋ ಏನು" ಎಂದು ಕೇಳುತ್ತಿದ್ದಾರೆ ಎಂದರು ಅಕೀಕಿ. ಗುಟ್ಟು ಎಂದೆನಲ್ಲ, ಅದು ಇದು. ಆ ಟೋರೋ ಸೀಮೆಯಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಹೆಸರಿನ ಜೊತೆ ಇನ್ನೊಂದು ಹೆಸರಿರುತ್ತದೆ. ಇಡೀ ಜನಕ್ಕೆ ಇರುವುದು ಅಂಥ ಹನ್ನೆರಡೇ ಹೆಸರು: ಅಕೀಕಿ, ಅಮೂಟಿ, ಅಬ್ವೂಲಿ, ಅಡ್ಯೇರಿ, ಹೀಗೆ. ಪ್ರೀತಿಯಿಂದಲೋ ಮರ್ಯಾದೆಯಿಂದಲೋ ಮಾತಾಡಿಸಬೇಕಾದರೆ ಅದೇ ಹೆಸರು ಬೇಕು. ಯುನೆಸ್ಕೋ 2013ರಲ್ಲಿ ಇದನ್ನು ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಮಗು ಹುಟ್ಟಿದಾಗ ಸೋದರತ್ತೆಯರು ಅದರ ಮುಖ ನೋಡಿ ಯಾರ ಹೋಲಿಕೆ ಎಂದು ಹೇಳುತ್ತಾರೆ, ಅದರ ಮೇಲೆ ಹೆಸರು. ಆಮೇಲೆ ರಾಗಿ ಮುದ್ದೆ, ಹೊಗೆಯಲ್ಲಿಟ್ಟ ಮೀನಿನ ಊಟ. ನಮ್ಮಲ್ಲೂ ತೊಟ್ಟಿಲ ಹತ್ತಿರ ಸೋದರತ್ತೆಯೇ ತಾನೇ ಕಿವಿಯಲ್ಲಿ ಹೆಸರು ಹೇಳುವುದು.

ನನಗೆ ಎಂಪಾಕೋ ಇಲ್ಲ ಎಂದು ಅಕೀಕಿ ಹೇಳಿದರು. ಹಾಗಾದರೆ ಇವಳಿಗೆ ಹೋಗಿ ಬಾ ಎಂದು ಹೇಳುವುದು ಹೇಗೆ ಎಂದರು ಅಜ್ಜಿ. ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಇವಳ ಹಣೆ ನನ್ನ ತಂಗಿಯ ಹಾಗಿದೆ, ಅಡ್ಯೇರಿ ಎಂದರು. ಹಿಂದೆ ಕೂತಿದ್ದ ಹೆಂಗಸರು ಅಡ್ಯೇರಿ, ಅಡ್ಯೇರಿ ಎಂದರು. ಕೂಸಿನ ತಾಯಿ ತಲೆ ಎತ್ತಿ ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ.

ಅವತ್ತು ಸಾಯಂಕಾಲ ಪೆಟ್ಟಿಗೆಯಿಂದ ಬಟ್ಟೆ ಹೊರಗೆ ತೆಗೆದೆ. ಮಾರನೆಯ ದಿನ ಅಕೀಕಿಯನ್ನು, ತಲೆಯ ನರ ಹುಡುಕುವುದನ್ನು ನನಗೆ ಕಲಿಸಿ ಎಂದು ಕೇಳಿದೆ. ಅವರು ನನ್ನ ಬೆರಳನ್ನು ತಮ್ಮ ಬೆರಳ ಕೆಳಗಿಟ್ಟುಕೊಂಡು ಹೊಸ ಹುಡುಗಿಗೆ ಕಲಿಸುವ ಹಾಗೆ ಕಲಿಸಿದರು. ಮುಂದಿನ ಸೋಮವಾರ, ಅವರ ಲೆಕ್ಕದ ಎರಡನೇ ಗಂಟೆಗೆ, ಟ್ರೇ ನನ್ನ ಕೈಗೆ ಕೊಟ್ಟು ಅವರು ಬೇರೆ ಕೆಲಸಕ್ಕೆ ಹೋದರು.

ಈಗಲೂ ತಿಂಗಳಿಗೊಮ್ಮೆ ಅಕೀಕಿ ಫೋನ್ ಮಾಡುತ್ತಾರೆ. ಸೀರೆ ಇನ್ನೂ ಇದೆಯಾ ಎಂದು ಕೇಳಿದರೆ, ನಿಮ್ಮ ನಾದಿನಿಯದು ಮುಗಿಯಿತು ಎನ್ನುತ್ತಾರೆ. ಹೋಗಿಬರುವವರು ಸಿಕ್ಕರೆ ಕಳಿಸೋಣ ಎಂದು ಒಂದಷ್ಟು ಗಂಟು ಕಟ್ಟಿ ಇಟ್ಟಿದ್ದೇನೆ. ನಿಮ್ಮ ಮನೆಗಳಲ್ಲೂ ಹಳೆಯ ಹತ್ತಿ ಸೀರೆ ಇದ್ದರೆ, ಹೊಸದು ಬೇಡ, ಚೆನ್ನಾಗಿ ಒಗೆದದ್ದು, ಇವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನಗೆ ಹೇಳಿ. ನಾನು ಎಂಟನೇ ತರಗತಿಯ ಕೋಣೆಯ ಹತ್ತಿರ ಇರುತ್ತೇನೆ. ಮುಖ್ಯೋಪಾಧ್ಯಾಯರು ಗಡಿಯಾರ ತೋರಿಸುತ್ತಿದ್ದಾರೆ.